ಕಮಲಾಪುರದಿಂದ ವಾಪಸಾದ ಆರು ಡಬ್ಬಿಗಳು

2004ರ ಫೆಬ್ರುವರಿ 9, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕಲಬುರಗಿಯ ಕೋಟೆ ಕಡೆಯ ಪೊಲೀಸ್ ಠಾಣೆಯ ಮುಂದೆ ಒಂದು ಆಟೋ ನಿಂತಿತು. ಮೊದಲು ಆರು ರಟ್ಟಿನ ಡಬ್ಬಿ ಇಳಿದವು, ಆಮೇಲೆ ಒಬ್ಬ ಮನುಷ್ಯ ಇಳಿದ. ಹೆಸರು ವಿದ್ಯಾಸಾಗರ. ಹೈದರಾಬಾದಿನ ಸಿರಿಮನೆ ಶಾಪಿಂಗ್ ಎಂಬ ಕಂಪನಿಯ ವಲಯ ಅಧಿಕಾರಿ. ಅಂಗಡಿಯೇ ಇಲ್ಲದ ಅಂಗಡಿ ಅದು. ಇಂಟರ್‌ನೆಟ್‌ನಲ್ಲೋ ಫೋನಿನಲ್ಲೋ ಆರ್ಡರ್ ಕೊಟ್ಟರೆ ಸಾಮಾನು ಬಾಗಿಲಿಗೆ ಬರುತ್ತದೆ. ಬೇಕಾದರೆ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕು, ಬೇಡವಾದರೆ ಡಬ್ಬಿ ಒಡೆಯದೆ ವಾಪಸ್ ಕಳಿಸಬೇಕು. ನಮ್ಮ ಕಡೆ ಜನ ಫೋನಿನಲ್ಲಿ ಹ್ಞೂಂ ಅಂದು ಬಾಗಿಲಲ್ಲಿ ಊಹೂಂ ಅನ್ನುವುದೇ ಹೆಚ್ಚು.

"ಏನವು?" ಎಂದ ಇನ್ಸ್‌ಪೆಕ್ಟರ್ ನಾಗಣ್ಣ ಹೀರಾಪುರ.

"ಕಮಲಾಪುರದಿಂದ ವಾಪಸ್ ಬಂದ ಮಾಲು ಸರ್."

"ವಾಪಸ್ ಬಂತಲ್ಲ, ಛಲೋನೇ ಆತು. ತಕರಾರೇನು?"

ವಿದ್ಯಾಸಾಗರ ಒಂದು ಡಬ್ಬಿಯ ಮುಚ್ಚಳ ತೆಗೆದ. ಹೊರಗೆ ಮಿಕ್ಸಿಯ ಬಣ್ಣದ ಚಿತ್ರ. ಒಳಗೆ ಹಳೇ ಸೀರೆಯ ತುಂಡಿನಲ್ಲಿ ನೀಟಾಗಿ ಸುತ್ತಿದ ಇಟ್ಟಂಗಿ. ಅದರ ಪಕ್ಕದಲ್ಲಿ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಒಂದು ಹಿಡಿ ತೊಗರಿಬೇಳೆ. ಆರೂ ಡಬ್ಬಿಗಳದು ಇದೇ ಕತೆ, ಸಣ್ಣ ಡಬ್ಬಿಯಲ್ಲಿ ಇಟ್ಟಂಗಿಯ ಚೂರು. ಸೆಪ್ಟೆಂಬರಿನಿಂದ ಜನವರಿಯವರೆಗೆ ಒಂದೊಂದಾಗಿ ಬಂದಿದ್ದವಂತೆ. ಗೋಡೌನಿನಲ್ಲಿ ಮೊನ್ನೆ ಲೆಕ್ಕಪರಿಶೋಧನೆಗೆ ಬಿಚ್ಚಿದಾಗ ಗೊತ್ತಾಗಿದೆ.

"ಇಟ್ಟಂಗಿ ತಿಳೀತು. ಬ್ಯಾಳಿ ಯಾಕ?"

"ಅದೇ ತಿಳಿದಿಲ್ಲ ಸರ್. ಗೋಡೌನಿನವರು ಬಿದ್ದು ಬಿದ್ದು ನಗ್ತಾರೆ."

ಹೆಡ್ ಕಾನ್‌ಸ್ಟೇಬಲ್ ಚಾಂದಪಾಶಾ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿದ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಗಾಂಜಾ, ಕಳ್ಳಬಟ್ಟಿ, ಖೋಟಾ ನೋಟು ಎಲ್ಲ ನೋಡಿದವನು. "ಬ್ಯಾಳಿ ಮಾತ್ರ ಏ-ಒನ್ ಅದರಿ ಸಾಬ್" ಎಂದ.

ಮಧ್ಯಾಹ್ನ 12.10ಕ್ಕೆ ಎಫ್‌ಐಆರ್ ಆಯಿತು. ಗುನ್ನೆ ನಂಬರ್ 27/2004, ಕಲಂ 407: ಸಾಗಿಸಲು ಒಪ್ಪಿಸಿದ ಮಾಲಿನಲ್ಲಿ ನಂಬಿಕೆದ್ರೋಹ. ಪಂಚನಾಮೆಯಲ್ಲಿ "ತೊಗರಿಬೇಳೆ, ಅಂದಾಜು ಐವತ್ತು ಗ್ರಾಂ, ಹುಳ ಹಿಡಿದಿರುವುದಿಲ್ಲ" ಎಂದು ಆರು ಸಲ ಬರೆಯಬೇಕಾಯಿತು. ಬರೆದವಳು ಮಹಿಳಾ ಕಾನ್‌ಸ್ಟೇಬಲ್ ಶಿವಕಾಂತಮ್ಮ. ಅವಳು ನಗಲಿಲ್ಲ.

ಡಬ್ಬಿ ಹೋಗಿಬರುವ ದಾರಿ ಸರಳವಿತ್ತು. ಹೈದರಾಬಾದಿನಿಂದ ಕಲಬುರಗಿಯ ಕೊರಿಯರ್ ಆಫೀಸಿಗೆ, ಅಲ್ಲಿಂದ ಬಸ್ಸಿನಲ್ಲಿ ಕಮಲಾಪುರಕ್ಕೆ. ಅಲ್ಲಿ ಏಜೆಂಟ್ ಬಂಡೂರಾವ್ ಇಳಿಸಿಕೊಳ್ಳುತ್ತಾನೆ. ಮರೆಪ್ಪ ಎಂಬವನು ಲೂನಾದ ಮೇಲೆ ಹೇರಿಕೊಂಡು ಮನೆಮನೆಗೆ ಒಯ್ಯುತ್ತಾನೆ. ಬೇಡವೆಂದರೆ ಅದೇ ದಾರಿಯಲ್ಲಿ ವಾಪಸ್. ಇಷ್ಟು ಜನರಲ್ಲಿ ಕಳ್ಳ ಯಾರೆಂದು ಯಾರನ್ನು ಕೇಳಿದರೂ ಲೂನಾದವನನ್ನೇ ತೋರಿಸುತ್ತಾರೆ. ಪೊಲೀಸರೂ ಅಷ್ಟೇ ಮಾಡಿದರು. ಸೋಮವಾರ ನಾಲ್ಕೂವರೆಗೆ ಮರೆಪ್ಪ ಠಾಣೆಯ ಬೆಂಚಿನ ಮೇಲಿದ್ದ.

"ಡಬ್ಬಿ ಯಾರು ಒಡದ್ರು?"

"ಗೊತ್ತಿಲ್ರಿ ಸಾಹೇಬ್ರ."

"ಒಯ್ದಾಂವ ನೀ, ತಂದಾಂವ ನೀ. ನಡುವ ದೆವ್ವ ಬಂದು ಒಡೀತೇನು?"

"ಬ್ಯಾಡ ಅಂದ್ರ ಅವತ್ತ ಸಂಜಿಕ ಏಜೆಂಟ್ರ ಮನ್ಯಾಗ ಇಟ್ಟು ಸೈ ತಗೋತೀನ್ರಿ. ಆಮ್ಯಾಲೆ ನಾ ಮುಟ್ಟಂಗಿಲ್ರಿ."

"ಸಾಮಾನು ಎಲ್ಲಿ ಮಾರಿದಿ?"

"ನಾ ಯಾಕ ಮಾರ್ಲಿರಿ? ಎಂಟು ವರ್ಷ ಆತು ಈ ಕೆಲಸಕ್ಕ."

ಎರಡು ಏಟು ಬಿದ್ದವು. ಇದು ಯಾವ ಪಂಚನಾಮೆಯಲ್ಲೂ ಇಲ್ಲ. ವಿದ್ಯಾಸಾಗರ ಠಾಣೆಯ ಫೋನಿನಿಂದಲೇ ಹೈದರಾಬಾದಿಗೆ ಮಾತಾಡಿ ಮರೆಪ್ಪನನ್ನು ಕೆಲಸದಿಂದ ತೆಗೆಸಿದ. ಮರೆಪ್ಪ ಅದನ್ನು ಬೆಂಚಿನ ಮೇಲೆ ಕೂತೇ ಕೇಳಿಸಿಕೊಂಡ.

ಮಂಗಳವಾರ ಹತ್ತು ಗಂಟೆಗೆ ಶಿವಕಾಂತಮ್ಮ ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದು ಹಾಳೆಗೆ ಇಳಿಸಿ ಇನ್ಸ್‌ಪೆಕ್ಟರ್ ಮುಂದೆ ಇಟ್ಟಳು. ಹೈದರಾಬಾದ್ ಬಿಟ್ಟಾಗ ಮಿಕ್ಸಿ ಡಬ್ಬಿಯ ತೂಕ ನಾಲ್ಕು ಕಿಲೋ ಇನ್ನೂರು. ಇಟ್ಟಂಗಿ ತುಂಬಿಕೊಂಡು ವಾಪಸ್ ಬಂದಾಗಲೂ ನಾಲ್ಕು ಕಿಲೋ ಇನ್ನೂರು. ಮಿಕ್ಕ ಐದೂ ಹಾಗೆಯೇ, ಇಪ್ಪತ್ತು ಗ್ರಾಂ ಆಚೀಚೆ ಇಲ್ಲ.

"ತಕ್ಕಡಿ ಇಲ್ದ ಇಷ್ಟು ಸರೀಕ ತೂಕ ಕೂಡಂಗಿಲ್ರಿ ಸರ್. ಮರೆಪ್ಪನ ಹಂತ್ಯಾಕ ತಕ್ಕಡಿ ಇಲ್ಲ."

"ಯಾರ ಹಂತ್ಯಾಕ ಅದ?"

"ಮರೆಪ್ಪನ್ನ ಕೇಳ್ದೆರಿ, ಕಮಲಾಪುರದಾಗ ಏಜೆಂಟ್ರ ಮನ್ಯಾಗ ಒಂದ ಅದ. ವಾಪಸ್ ಹೋಗೋ ಡಬ್ಬಿ ಅಲ್ಲೇ ವಾರಗಟ್ಲೆ ಬಿದ್ದಿರತಾವ, ಮತ್ತ ಹೊಸ ಟೇಪ್ ಸುತ್ತಿ, ತೂಕ ಮಾಡಿ ಬಸ್ಸಿಗೆ ಹಾಕ್ತಾರ."

ಇದು ಸೋಮವಾರವೇ ಓದಬೇಕಿದ್ದ ಚೀಟಿ. ನಾಗಣ್ಣನಿಗೆ ಅದು ತಿಳಿಯಿತು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವ ರೂಢಿ ಇಲಾಖೆಯಲ್ಲಿಲ್ಲ.

ಚಾಂದಪಾಶಾ ಹಾಳೆಯ ಮೇಲೆ ಬಗ್ಗಿದ್ದ. ಸಾಮಾನುಗಳ ಹೆಸರಿನ ಮೇಲೆ ಬೆರಳಾಡಿಸಿದ: ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಟೇಪ್ ರೆಕಾರ್ಡರ್, ಗಂಡಸಿನ ಕೈಗಡಿಯಾರ. ಕಂಪನಿಯ ಪಟ್ಟಿಯ ಪ್ರಕಾರ ಈ ಐದು ತಿಂಗಳಲ್ಲಿ ಕಮಲಾಪುರದಿಂದ ವಾಪಸಾದ ಡಬ್ಬಿ ಮೂವತ್ತೊಂದು. ಅವುಗಳಲ್ಲಿ ಮೊಬೈಲ್ ಫೋನೂ ಇತ್ತು, ಕ್ಯಾಮೆರಾನೂ ಇತ್ತು. ಅವನ್ನು ಯಾರೂ ಮುಟ್ಟಿರಲಿಲ್ಲ.

"ಸಾಬ್, ಕಳ್ಳಾದ್ರ ಮೊಬೈಲ್ ಬಿಟ್ಟು ಕುಕ್ಕರ್ ಯಾಕ ಒಯ್ತಾನ್ರಿ? ನಮ್ಮ ಮಗಳು ಹಾಜಿರಾನ ನಿಕಾಹಕ್ಕ ನಾ ಕೊಟ್ಟ ಸಾಮಾನು ಇವೇ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಇದು ಮದುವಿ ಯಾದಿರಿ."

ಯಾದಿ ಎಂದರೆ ಬೀಗರು ಕೂತು, ಕೊಡುವುದು ತರುವುದು ಎಲ್ಲ ಬರೆದು, ಮೂಲೆಗೆ ಅರಿಶಿನ ಹಚ್ಚಿ ಸೈ ಮಾಡುವ ಕಾಗದ. ಕಾಯ್ದೆ ಪ್ರಕಾರ ಅದು ಅಪರಾಧ. ಆ ಕಾಯ್ದೆ ಓದಿದ ವಕೀಲರ ಮನೆಯಲ್ಲೂ ಅದಿಲ್ಲದೆ ಅಕ್ಕಿಕಾಳು ಬೀಳುವುದಿಲ್ಲ. ನಾಗಣ್ಣ ಕಮಲಾಪುರ ಠಾಣೆಗೆ ಫೋನು ಹಚ್ಚಿದ. ಬಂಡೂರಾಯರ ಒಬ್ಬಳೇ ಮಗಳ ಮದುವೆ ಕಳೆದ ಮೇ ತಿಂಗಳಲ್ಲಿ ಆಗಿತ್ತು. ಕೊಟ್ಟ ಮನೆ ಕಲಬುರಗಿಯ ಶಹಾಬಜಾರದಲ್ಲೇ.

ಬುಧವಾರ, 11ನೇ ತಾರೀಖು, ಹತ್ತೂ ನಲವತ್ತಕ್ಕೆ ಜೀಪು ಕಮಲಾಪುರ ತಲುಪಿತು. ಬಂಡೂರಾಯರ ಮನೆಯ ಹೊರಗಿನ ಖೋಲಿಯೇ ಆಫೀಸು. ಒಂದು ಮೂಲೆಯಲ್ಲಿ ತಕ್ಕಡಿ, ಇನ್ನೊಂದು ಮೂಲೆಯಲ್ಲಿ ಡಬ್ಬಿಗಳ ರಾಶಿ. ಬಂಡೂರಾಯರಿಗೆ ಅರವತ್ತರ ಆಸುಪಾಸು, ಮೊದಲು ಖಾಸಗಿ ಶಾಲೆಯಲ್ಲಿ ಗುಮಾಸ್ತರಾಗಿದ್ದವರು. ಬಲಗೈ ತಾನಾಗಿಯೇ ನಡುಗುತ್ತಿತ್ತು.

"ಟೇಪ್ ಯಾರು ಹಚ್ತಾರ?"

"ಮನಿಯಾಕಿನೇರಿ. ನನ್ನ ಕೈ ಹಿಂಗ. ತೂಕಾನೂ ಅಕಿನೇ ನೋಡ್ತಾಳ, ನಾ ಬರೆ ಸೈ ಮಾಡ್ತೀನಿ."

ಅವರ ಹೆಂಡತಿ ಮಥುರಾಬಾಯಿ ಚಹಾ ತಂದಳು. ಒಂಬತ್ತುವಾರಿ ಸೀರೆ, ತೆಳ್ಳಗಿನ ಮೈ. ಪೊಲೀಸರಿಗೆ ಚಹಾ ಕೊಡುವಾಗ ಜನರ ಕೈ ಸ್ವಲ್ಪವಾದರೂ ಅಳುಕುತ್ತದೆ. ಅವಳ ಕೈಯಲ್ಲಿ ಒಂದು ಹನಿ ತುಳುಕಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ದಿಲ್ಶಾದ್ ಬೇಗಂ ಬಾಗಿಲಲ್ಲಿ ಬಂದು ನಿಂತಳು.

"ಬಾಯಾರ, ಮೊನ್ನಿ ಹುಣಸಿಹಣ್ಣು ಕೊಟ್ಟಿದ್ದೆಲ್ಲ, ಆ ಡಬ್ಬಿ ಬೇಕಿತ್ತರಿ."

ಮಥುರಾಬಾಯಿ ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದು ಕೊಟ್ಟಳು. ಬೇಗಂ ಮುಚ್ಚಳ ತೆಗೆದು ನಕ್ಕಳು. "ಏನ್ರಿ ನೀವು, ಪ್ರತಿ ಸಲ ಬ್ಯಾಳಿ ತುಂಬಿ ಕೊಡ್ತೀರಿ."

"ಮಂದಿ ಡಬ್ಬಿ ಖಾಲಿ ಹೆಂಗ ಕೊಡ್ಲಿ ಬೇಗಂ?"

ಅಂದವಳು ತಿರುಗಿ ನೋಡಿದಳು. ನಾಗಣ್ಣ, ಚಾಂದಪಾಶಾ, ಶಿವಕಾಂತಮ್ಮ ಮೂವರೂ ಚಹಾದ ಕಪ್ಪು ಕೆಳಗಿಟ್ಟಿದ್ದರು. ಬೇಗಂ ಹೋದಳು. ಮಥುರಾಬಾಯಿ ಅಡುಗೆಮನೆಗೆ ಹೋಗಿ ಒಲೆಕಟ್ಟೆ ಹಿಡಿದು ನಿಂತಳು. ಹಿಂದೆಯೇ ಶಿವಕಾಂತಮ್ಮ ಹೋಗಿ ಹೊಸ್ತಿಲ ಹೊರಗೇ ಕೂತಳು.

"ಬಾಯಾರ, ಇಟ್ಟಂಗಿ ತೂಕಕ್ಕ ಇಟ್ರಿ. ಬ್ಯಾಳಿ ಯಾಕಿಟ್ರಿ?"

ಮಥುರಾಬಾಯಿ ಒಲೆಯ ಮೇಲಿನ ಚಹಾದ ಪಾತ್ರೆ ಇಳಿಸಿ ಮುಚ್ಚಿದಳು. ಆಮೇಲೆ, "ಸಾಮಾನು ತಗೊಂಡು ಖಾಲಿ ಡಬ್ಬಿ ಕಳಸಲಿಕ್ಕೆ ಕೈ ಬರಲಿಲ್ಲವ್ವಾ" ಎಂದಳು.

ಇಡೀ ರಾಜ್ಯದ ಕಳ್ಳರನ್ನು ಸಾಲಾಗಿ ನಿಲ್ಲಿಸಿ ಕೇಳಿದರೂ ಈ ಉತ್ತರ ಸಿಗಲಾರದು. ಕದ್ದವಳಿಗೆ ಕದ್ದದ್ದಕ್ಕಿಂತ ಮರ್ಯಾದೆ ತಪ್ಪಿದ್ದು ದೊಡ್ಡದಾಗಿ ಕಂಡಿತ್ತು. ಆ ಹಿಡಿ ಬೇಳೆ ಇಡದಿದ್ದರೆ ಶಿವಕಾಂತಮ್ಮ ಅಡುಗೆಮನೆಯ ಹೊಸ್ತಿಲ ತನಕ ಬರುತ್ತಿರಲಿಲ್ಲ.

ಉಳಿದದ್ದನ್ನು ಮಥುರಾಬಾಯಿ ಒಂದೇ ಸಮ ಹೇಳಿದಳು. ಮದುವೆಯಲ್ಲಿ ಬಂಗಾರ, ಪಾತ್ರೆ ಎಲ್ಲ ಕೊಟ್ಟಾಗಿತ್ತು. ಯಾದಿಯಲ್ಲಿ ಈ ಆರು ಸಾಮಾನು ಉಳಿದಿದ್ದವು, ದೀಪಾವಳಿಯೊಳಗೆ ಅಂತ ಮಾತು. ಪಂಚಮಿಗೆಂದು ತವರಿಗೆ ಬಂದ ಮಗಳು ವೈಜಯಂತಿಯನ್ನು ಬೀಗರು ಕರೆಯಲು ಬರಲಿಲ್ಲ. ಸಾಮಾನಿನ ಜೊತೆಗೇ ಕಳಿಸಿರಿ ಎಂದು ಹೇಳಿಕಳಿಸಿದರು. ಮಗಳು ಒಂದು ತಿಂಗಳು ಈ ಖೋಲಿಯಲ್ಲೇ, ಈ ಡಬ್ಬಿಗಳ ನಡುವೆಯೇ ಕೂತಿದ್ದಳು. ಸೆಪ್ಟೆಂಬರಿನಲ್ಲಿ ಯಾರೋ ಬೇಡವೆಂದ ಮಿಕ್ಸಿ ವಾಪಸ್ ಬಂತು.

"ತರಿಸಿದವರಿಗೆ ಬ್ಯಾಡಾಗಿತ್ತು. ಕಳಿಸಿದವರು ಕೇಳಲೇ ಇಲ್ಲ. ಎಂಟು ದಿನ ನೋಡ್ದೆ, ಒಂಬತ್ತನೇ ದಿನ ಬಿಚ್ಚಿದೆ. ಮಗಳನ್ನೂ ಮಿಕ್ಸೀನೂ ಕೂಡೇ ಬಸ್ಸಿಗೆ ಹಾಕಿ ಒಯ್ದು ಬಿಟ್ಟು ಬಂದೆ. ಹಿಂಗ ಒಂದೊಂದ ಸಾಮಾನು ಹೋತು, ಅಲ್ಲೀ ತನಕ ಅಕೀ ಬಾಳೇನೂ ನಡೀತು."

ಬಾಗಿಲಲ್ಲಿ ಬಂಡೂರಾಯರು ನಿಂತಿದ್ದರು. "ತವರಮನಿ ತಮ್ಮ ಕೊಡಿಸ್ಯಾನ ಅಂದಿದ್ದೆಲ್ಲ ನೀ..."

"ನಿಮಗ ಇನ್ನೇನು ಹೇಳಬೇಕಿತ್ತು?" ಎಂದಳು. ಆಮೇಲೆ ನಾಗಣ್ಣನ ಕಡೆ ತಿರುಗಿದಳು. "ಸಾಹೇಬ್ರ, ನನ್ನ ಈಗಿಂದೀಗ ಕರಕೊಂಡು ಹೋಗ್ರಿ. ಆದರ ಸಾಮಾನು ಸಂತ್ಯಾಗ ಮಾರೀನಿ, ತಗೊಂಡವರ ಗುರ್ತು ಇಲ್ಲ ಅಂತ ಬರೀರಿ. ಆ ಮನೀಗೆ ಹೋಗಬ್ಯಾಡ್ರಿ. ನೀವು ಅಲ್ಲಿ ಸಾಮಾನು ಎತ್ತಿದ್ರ ಅವರು ನನ್ನ ಮಗಳನ್ನ ಎತ್ತಿ ಹೊರಗ ಒಗೀತಾರ."

ಅವಳು ಕೇಳಿದ್ದು ಕಷ್ಟದ್ದೇನಲ್ಲ. ಇದಕ್ಕಿಂತ ದೊಡ್ಡ ಸುಳ್ಳುಗಳನ್ನು, ಇದಕ್ಕಿಂತ ಸಣ್ಣ ಕಾರಣಕ್ಕೆ ನಾಗಣ್ಣನ ಠಾಣೆಯಲ್ಲಿ ಬರೆದದ್ದುಂಟು. ಆದರೆ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಹೇಳಿದ ಜಾಗದಲ್ಲಿ ಮಾಲು ಸಿಕ್ಕರೆ ಮಾತ್ರ ಮಾತಿಗೆ ಬೆಲೆ. ಮಾಲು ಸಿಗದಿದ್ದರೆ ಕೇಸು ಮತ್ತೆ ಲೂನಾದವನ ಕೊರಳಿಗೇ ಬೀಳುತ್ತದೆ.

"ಮರೆಪ್ಪ ಎರಡು ದಿನದಿಂದ ಠಾಣ್ಯಾಗ ಕುಂತಾನ್ರಿ" ಎಂದ.

"ಯಾಕ?"

"ಇದಕ್ಕ. ಕೆಲಸಾನೂ ಹೋಗ್ಯದ."

ಮಥುರಾಬಾಯಿಗೆ ಇದು ಗೊತ್ತಿರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡಿದ್ದಳು. ಎಂಟು ವರ್ಷ ಅವನು ಇದೇ ಕಟ್ಟೆಯ ಮೇಲೆ ಕೂತು ಅವಳು ಕೊಟ್ಟ ರೊಟ್ಟಿ ತಿಂದಿದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ನಿಂತ ಮೇಲೆ ಶಹಾಬಜಾರದ ಮನೆಯ ಗುರುತು ತಾನೇ ಹೇಳಿದಳು.

ಅವತ್ತು ಸಂಜೆ ಮರೆಪ್ಪನನ್ನು ಬಿಟ್ಟರು. "ಹೋಗಪ್ಪ, ನಿಂದೇನಿಲ್ಲ" ಎಂದ ಚಾಂದಪಾಶಾ. ಮರೆಪ್ಪ ಕೆನ್ನೆ ಸವರಿಕೊಂಡು ಹೋದ. ಕ್ಷಮೆ ಕೇಳುವ ರೂಢಿಯೂ ಇಲಾಖೆಯಲ್ಲಿಲ್ಲ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಜೀಪನ್ನು ಶಹಾಬಜಾರದ ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಹೋದರು. ಪಂಚರಾಗಿ ಬಳೆ ಅಂಗಡಿಯ ಕರೀಂಸಾಬ್ ಮತ್ತು ಹಿಟ್ಟಿನ ಗಿರಣಿಯ ಯಜಮಾನರು ಬಂದರು. ಮಗಳ ಅತ್ತೆ ಸಕ್ಕೂಬಾಯಿ ತುಳಸಿಗೆ ನೀರು ಹಾಕುತ್ತಿದ್ದವಳು ಪೊಲೀಸರನ್ನು ನೋಡಿಯೂ ಪ್ರದಕ್ಷಿಣೆ ಮುಗಿಸಿಯೇ ಬಂದಳು.

"ಈ ಸಾಮಾನು ನಿಮ್ಮ ಮನೀಗೆ ಹೆಂಗ ಬಂದ್ವು?"

"ಬೀಗರು ಪ್ರೀತಿಲೇ ಕೊಟ್ಟಾರ. ನಾವೇನೂ ಕೇಳಿಲ್ಲ."

"ಯಾದಿ ಎಲ್ಲದ?"

"ಯಾವ ಯಾದಿ?"

ಗೋಡೆಯ ಮೇಲೆ ಗಡಿಯಾರ ಎಂಟೂ ಮೂವತ್ತೆಂಟು ತೋರಿಸುತ್ತಿತ್ತು. ಚಾಂದಪಾಶಾ ಸ್ಟೂಲು ಹತ್ತಿ ಇಳಿಸಿದ. ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರ್, ಕುಕ್ಕರ್ ಬಂದವು. ಅಳಿಯ ಶ್ರೀನಿವಾಸ ಆಫೀಸಿಗೆ ಹೊರಟು ನಿಂತಿದ್ದ. ಇನ್ಸ್‌ಪೆಕ್ಟರ್ ಅವನ ಮಣಿಕಟ್ಟು ನೋಡಿದ ಕೂಡಲೇ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಲಿಲ್ಲ. ಮಿಕ್ಸಿಯಲ್ಲಿ ಶೇಂಗಾ ಚಟ್ನಿ ಇತ್ತು. ವೈಜಯಂತಿ, "ತೊಳದು ಕೊಡ್ತೀನ್ರಿ" ಎಂದು ಅದನ್ನು ಬಚ್ಚಲಿಗೆ ಒಯ್ದಳು. ಇಪ್ಪತ್ತೆರಡರ ಹುಡುಗಿ. ತೊಳೆದು, ಸೆರಗಿನಿಂದ ಒರೆಸಿ ತಂದು ಕೊಟ್ಟಳು.

ನಾಗಣ್ಣ ಅವಳನ್ನು ಅಂಗಳದ ಮೂಲೆಗೆ ಕರೆದ. "ತಂಗಿ, ಒಂದು ಮಾತು ಹೇಳು. ಸಾಮಾನು ಬರೂತನ ನಿನ್ನ ತವರಮನ್ಯಾಗ ಕೂಡಿಸಿದ್ರು ಅಂತ. ವರದಕ್ಷಿಣೆ ಕೇಸು ಇಲ್ಲೇ ಬರಕೋತೀನಿ."

"ಆ ಕೇಸ್ನಾಗ ನಮ್ಮ ಅವ್ವನ್ನ ಬಿಡ್ತೀರೇನ್ರಿ?"

"ಅದು ಬ್ಯಾರೆ ಕೇಸು."

"ಹಂಗಾದ್ರ ನಂದೇನೂ ತಕರಾರಿಲ್ರಿ. ಇವರು ಛಲೋ ನೋಡಿಕೊಂಡಾರ."

ಜಪ್ತಿ ಪಂಚನಾಮೆ 9.50ಕ್ಕೆ ಮುಗಿಯಿತು. ಕರೀಂಸಾಬ್ ಸೈ ಮಾಡುವಷ್ಟರಲ್ಲಿ ಸಕ್ಕೂಬಾಯಿ ಒಂದು ತಗಡಿನ ಟ್ರಂಕನ್ನು ತಾನೇ ಎಳೆದು ತಂದು ಹೊಸ್ತಿಲ ಹೊರಗಿಟ್ಟಳು. "ಸಾಮಾನು ಒಯ್ಯಲಿಕತ್ತೀರಿ, ಇಕೀನ್ನೂ ಕರಕೊಂಡು ಹೋಗ್ರಿ. ಕಳ್ಳರ ಮನಿ ಹೆಣ್ಣು ನಮಗ ಬ್ಯಾಡ" ಎಂದಳು.

"ಬಾಯಾರ, ಕೂಸಿಂದೇನು ತಪ್ಪು ಅದರಿ?" ಎಂದ ಕರೀಂಸಾಬ್. ಬಾಗಿಲು ಹಾಕಿದ ಸದ್ದೇ ಅದಕ್ಕೆ ಉತ್ತರ. ಗಂಡನೆಂಬುವನು ಆ ಬಾಗಿಲ ಒಳಗೇ ಇದ್ದ. ಪಂಚನಾಮೆಯ ಫಾರಮ್ಮಿನಲ್ಲಿ ಇದನ್ನು ಬರೆಯಲು ಜಾಗವಿಲ್ಲ. ಸಾಮಾನಿನ ಜೊತೆಗೆ ಹುಡುಗಿಯನ್ನೂ ಟ್ರಂಕನ್ನೂ ಜೀಪಿಗೆ ಹತ್ತಿಸಿಕೊಂಡರು.

ಮಥುರಾಬಾಯಿ, ಬಂಡೂರಾವ್ ಒಂಬತ್ತೂವರೆಯ ಬಸ್ಸಿಗೆ ಹೊರಟು ಹನ್ನೊಂದಕ್ಕೇ ಠಾಣೆಗೆ ಬಂದು ಕೂತಿದ್ದರು. ಬರಲು ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲು. ಅವರು ಬರುವ ಮೊದಲೇ ವೈಜಯಂತಿಯನ್ನು ಟ್ರಂಕಿನ ಸಮೇತ ಹಿತ್ತಲಿನ ಗುಲಮೊಹರ್ ಗಿಡದ ಕೆಳಗೆ ಕೂರಿಸಲಾಗಿತ್ತು. ಹಾಗೆ ಮಾಡೆಂದು ಚಾಂದಪಾಶಾನಿಗೆ ಯಾರೂ ಹೇಳಿರಲಿಲ್ಲ. ವಿದ್ಯಾಸಾಗರ ಬಂದು ಜಪ್ತಿಯಾದ ಮಾಲು ನೋಡಿದ. ಮಿಕ್ಸಿಯ ಜಾರು ಎತ್ತಿ ಮೂಸಿದ.

"ಬಳಸಿದ್ದಾರೆ ಸರ್. ಬಳಸಿದ ಮಾಲು ಕಂಪನಿ ವಾಪಸ್ ತಗೊಳ್ಳಲ್ಲ."

"ಮತ್ತ ಮರೆಪ್ಪನ ಕೆಲಸ?"

"ಕಮಲಾಪುರದ ಏಜೆನ್ಸಿಯನ್ನೇ ಮುಚ್ಚಿದ್ದೀವಿ."

ನಾಗಣ್ಣ ಕೇಸ್ ಡೈರಿ ತೆಗೆದು ಕೂತ. ಅಪರಾಧದ ಉದ್ದೇಶ ಎಂಬಲ್ಲಿ ಸಾಮಾನ್ಯವಾಗಿ 'ಹಣದ ಆಸೆ' ಎಂದು ಬರೆದು ಮುಂದೆ ಹೋಗುತ್ತಿದ್ದ. ಇಲ್ಲಿ ಅದು ಸುಳ್ಳಾಗುತ್ತಿತ್ತು. ಅವಳು ಒಂದು ಪೈಸೆ ಮುಟ್ಟಿರಲಿಲ್ಲ, ಒಂದು ಸಾಮಾನನ್ನೂ ತನ್ನ ಮನೆಯಲ್ಲಿ ಇಟ್ಟುಕೊಂಡಿರಲಿಲ್ಲ. 'ಮಗಳು ಗಂಡನ ಮನೆಯಲ್ಲಿ ಇರಲೆಂದು' ಎಂದು ಬರೆದು, ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಹಾಕಲಿ ಎಂದು ಹಾಗೇ ಬಿಟ್ಟ.

ಅರೆಸ್ಟ್ ಮೆಮೊ 12.25ಕ್ಕೆ ಶುರುವಾಯಿತು. ದಸ್ತಗಿರಿಯ ವಿಷಯ ತಿಳಿಸಿದ್ದಕ್ಕೆ ಮನೆಯವರೊಬ್ಬರ ಸೈ ಬೇಕು. ದಿನಾ ಸೈ ಮಾಡುವ ಬಂಡೂರಾಯರ ಕೈಯಲ್ಲಿ ಅವತ್ತು ಪೆನ್ನು ನಿಲ್ಲಲಿಲ್ಲ. ಹಿತ್ತಲಿನಿಂದ ವೈಜಯಂತಿಯನ್ನು ಕರೆಸಿದರು. ಅವಳು ನಲ್ಲಿಯಲ್ಲಿ ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು ಬಂದಳು. ತಾಯಿ ಬೆಂಚಿನಿಂದ ಎದ್ದು ನಿಂತಳು.

"ಹೆಸರು?" ಶಿವಕಾಂತಮ್ಮ ಕೇಳಿದಳು.

"ವೈಜಯಂತಿ."

"ಆರೋಪಿಗೆ ಏನಾಗಬೇಕು?"

"ಮಗಳು."

"ವಿಳಾಸ?"

ಹುಡುಗಿ ತಾಯಿಯ ಕಡೆ ನೋಡಿದಳು. ಮಥುರಾಬಾಯಿ ಮಗಳ ಬಾಯನ್ನೇ ನೋಡುತ್ತಿದ್ದಳು. ಶಿವಕಾಂತಮ್ಮ ಪೆನ್ನು ಹಾಳೆಯ ಮೇಲೆ ಊರಿದವಳು ತಲೆ ಎತ್ತಲೇ ಇಲ್ಲ.

"ಶಹಾಬಜಾರ" ಎಂದಳು ವೈಜಯಂತಿ. "ಗಂಡನ ಮನಿ."

ಶಿವಕಾಂತಮ್ಮ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಸರಕಾರಿ ಕಾಗದ, ಸುಳ್ಳು ವಿಳಾಸ. "ಬರಿ" ಎಂದ ನಾಗಣ್ಣ, ತಾನೂ ಕೆಳಗೆ ಸೈ ಹಾಕಿದ.

ಮಥುರಾಬಾಯಿ ಮಗಳ ಕೆನ್ನೆ ಮುಟ್ಟಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಗಿತ್ತು. "ಒಗದಾರೇನೋ ಅಂತ ಜೀವ ಹೋಗಿತ್ತು ನನ್ನವ್ವಾ. ನಡಿ, ನೀ ಇಲ್ಲಿ ನಿಲ್ಲಬ್ಯಾಡ. ಊಟದ ಹೊತ್ತು, ನಿಮ್ಮತ್ತಿ ದಾರಿ ನೋಡ್ತಿರತಾರ."

"ಹೂಂ ಅವ್ವಾ, ಹೋಗ್ತೀನಿ."

ಅವಳು ಹಿತ್ತಲಿಗೆ ಹೋಗಿ ಟ್ರಂಕಿನ ಮೇಲೆ ಕೂತಳು. ಕೋರ್ಟಿಗೆ ಹೊರಡುವ ಜೀಪು ಯಾವಾಗಲೂ ಹಿತ್ತಲಿನಿಂದಲೇ ಹೋಗುವುದು. ಅವತ್ತು ಚಾಂದಪಾಶಾ ಅದನ್ನು ಸುತ್ತು ಹಾಕಿಸಿ ಮುಂಬಾಗಿಲಿಗೆ ತರಿಸಿದ.